ಪಾಪಘ್ನಿಯ ಸೀಮೆಯಿಂದ ಅಘನಾಶಿನಿಯ ತೀರಕ್ಕೆ

ಚಿಂತಾಮಣಿ ತಾಲ್ಲೂಕಿನ ನಮ್ಮ ಮುರುಗಮಲ್ಲಕ್ಕೆ ವರ್ಷವಿಡೀ ಜನ ಬರುತ್ತಾರೆ. ಕೆಲವರು ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ, ಕೆಲವರು ಮುಕ್ತೀಶ್ವರನ ಗುಡಿಗೆ. ಬಂದವರನ್ನು ನೋಡಿಯೇ ತೃಪ್ತರಾದ ನಾವು ಹೊರಗೆ ಹೊರಡುವುದು ಕಡಿಮೆ. ನೀರು ಅಂದರೆ ನಮಗೆ ಕೆರೆ, ಬಾವಿ, ಸಾವಿರ ಅಡಿ ದಾಟಿದ ಕೊಳವೆಬಾವಿ. ಹೀಗಿರುವಾಗ ಕಳೆದ ಜನವರಿಯಲ್ಲಿ ನಾಲ್ಕು ಮನೆಯವರು ಸೇರಿ, ಕುಮಟಾದಿಂದ ಗೋಕರ್ಣದವರೆಗೆ ಎರಡು ದಿನ ಕಡಲ ದಂಡೆಯಲ್ಲಿ ನಡೆಯೋಣ, ರಾತ್ರಿ ಗುಡಾರ ಹಾಕೋಣ ಎಂದು ತೀರ್ಮಾನಿಸಿದೆವು. ಮಕ್ಕಳು ಕುಣಿದರು. ಅಜ್ಜಿಯರ ಮುಖ ಬಾಡಿತು.

ಅದಕ್ಕೆ ಕಾರಣವಿತ್ತು. 2024ರ ಡಿಸೆಂಬರಿನಲ್ಲಿ ಪಕ್ಕದ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ ಪ್ರವಾಸ ಹೋದ ನಾಲ್ವರು ಶಾಲಾ ಹುಡುಗಿಯರು ಮುರುಡೇಶ್ವರದ ಕಡಲಲ್ಲಿ ನೀರುಪಾಲಾಗಿದ್ದರು. "ನೋಡಿ ಬನ್ನಿ, ನೀರಿಗೆ ಮಾತ್ರ ಇಳಿಸಬೇಡಿ" ಎಂದು ನನ್ನ ಹೆಂಡತಿ ಹಟ ಹಿಡಿದಳು. ಕೊನೆಗೆ ಒಂದು ಒಪ್ಪಂದವಾಯಿತು. ಅವಳೂ ಜೊತೆಗೆ ಬರಬೇಕು. ಅವಳು ಹೂಂ ಅಂದರಷ್ಟೇ ಈಜು.

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲು ಬೆಳಿಗ್ಗೆ ನಮ್ಮನ್ನು ಕುಮಟಾದಲ್ಲಿ ಇಳಿಸಿತು. ಕಡ್ಲೆ, ಬಾಡ, ಕಾಗಾಲ ಎನ್ನುತ್ತಾ ಒಂದೊಂದೇ ಊರಿನ ಮರಳ ದಂಡೆ ದಾಟುತ್ತಾ ನಡೆದೆವು. ಒಂದು ಕಡೆ ತೆಂಗು, ಗಾಳಿಮರ. ಇನ್ನೊಂದು ಕಡೆ ಮುಗಿಯದ ನೀರು. ಬಿಸಿಲು ಏರಿದಾಗ ಒಂದು ಮನೆಯವರು ಕೆಂಪನೆಯ ಪಾನಕ ಕೊಟ್ಟರು. ಅದು ಮುರುಗಲು ಹಣ್ಣಿನದಂತೆ! "ಮುರುಗಮಲ್ಲದವರಿಗೆ ಮುರುಗಲು ಪಾನಕ" ಎಂದು ಮಕ್ಕಳಿಗೆ ದಿನವಿಡೀ ನಗು.

ಕಡಲ ದಂಡೆಯ ಮೇಲೆಯೇ ಗುಡಾರ ಹಾಕಲಿಲ್ಲ. ಒಬ್ಬರ ತೆಂಗಿನ ತೋಟದಲ್ಲಿ ಕೇಳಿಕೊಂಡು ಹಾಕಿದೆವು. ನಮ್ಮ ಗಂಟಿನ ಹುರಿಹಿಟ್ಟು ಅವರಿಗೆ, ಅವರ ಬಿಸಿ ಗಂಜಿ, ಉಪ್ಪಿನಕಾಯಿ ನಮಗೆ. ಆ ತೋಟದ ಹಿರಿಯರು ದೋಣಿಯಲ್ಲಿ ಕೂದಲು ನರೆಸಿಕೊಂಡವರು. ನನ್ನ ಹೆಂಡತಿ ಅವರ ಎದುರು ಕೂತು ತನ್ನ ಭಯವನ್ನೆಲ್ಲ ಹೇಳಿಕೊಂಡಳು.

ಅವರು ಹೇಳಿದ್ದನ್ನು ಮಕ್ಕಳೇ, ನೀವೂ ಕೇಳಿ. ಬಾವಿಯಲ್ಲಿ ಈಜು ಬಂದರೆ ಕಡಲಲ್ಲಿ ಬಂದಂತಲ್ಲ. ಬಾವಿಯ ನೀರು ನಿಂತಿರುತ್ತದೆ, ಕಡಲ ನೀರು ಎಳೆಯುತ್ತದೆ. ದಂಡೆಗೆ ಬಂದ ಅಲೆಯ ನೀರು ಎಲ್ಲೋ ಒಂದು ಕಡೆಯಿಂದ ವಾಪಸು ಹೋಗಲೇಬೇಕು. ಹೋಗುವ ಆ ದಾರಿಯಲ್ಲಿ ಅಲೆ ಒಡೆಯುವುದು ಕಡಿಮೆ. ನೋಡುವುದಕ್ಕೆ ಶಾಂತ, ಆದರೆ ಅದೇ ಅಪಾಯದ ಜಾಗ. ಸಿಕ್ಕಿಬಿದ್ದರೆ ದಂಡೆಯತ್ತ ಎದುರು ಈಜಿ ದಣಿಯಬಾರದು. ತೇಲುತ್ತಾ ಕೈಯೆತ್ತಿ ಕೂಗಬೇಕು, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು, ಎಳೆತ ತಪ್ಪಿದ ಮೇಲೆ ತಿರುಗಬೇಕು. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಮರುದಿನ ಅದೇ ಭರತ ಸುಮಾರು 50 ನಿಮಿಷ ತಡ. ಸ್ಥಳದವರನ್ನು ಕೇಳದೆ ನೀರಿಗೆ ಕಾಲಿಡಬಾರದು.

ಮರುದಿನ ಅಘನಾಶಿನಿ ಎಂಬ ಊರಿನಿಂದ ತದಡಿಗೆ ದೋಣಿಯಲ್ಲಿ ನದಿ ದಾಟಿದೆವು. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ ಇದು. ಉಪ್ಪುನೀರು, ಸಿಹಿನೀರು ಬೆರೆಯುವ ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತೇ ಕಾಪಾಡಬೇಕಾದ ಜೌಗುಭೂಮಿಗಳ ಪಟ್ಟಿ ಅದು. ಇಲ್ಲಿ ಹೆಂಗಸರು ಕೆಸರಿನಿಂದ ಬಳಚು ಚಿಪ್ಪು ಹೆಕ್ಕುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಹತ್ತಿರದ ಸಾಣಿಕಟ್ಟೆಯಲ್ಲಿ ಬಿಸಿಲಿಗೆ ಉಪ್ಪು ಹರಳುಗಟ್ಟುತ್ತದೆ.

ದೋಣಿಯಲ್ಲಿ ಮೊಮ್ಮಗಳು ಹೆಸರಿನ ಅರ್ಥ ಕೇಳಿದಳು. ಅಘ ಅಂದರೆ ಪಾಪ, ಅದನ್ನು ನಾಶ ಮಾಡುವವಳು ಎಂದೆ. "ನಮ್ಮ ಪಾಪಘ್ನಿಗೂ ಅದೇ ಅರ್ಥ ಅಲ್ವಾ ತಾತ? ಇವಳಲ್ಲಿ ಇಷ್ಟು ನೀರು, ಅವಳಲ್ಲಿ ಯಾಕೆ ಬರೀ ಮರಳು?" ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಆಂಧ್ರದತ್ತ ಹೋಗಿ ಪೆನ್ನೆಯನ್ನು ಸೇರುವ ಹೊಳೆ ಪಾಪಘ್ನಿ. ಇಲ್ಲಿ ಘಟ್ಟದ ಕಾಡು ಮಳೆ ಹಿಡಿದಿಟ್ಟು ಕೊಡುತ್ತದೆ, ನಮ್ಮಲ್ಲಿ ಮಳೆಯೂ ಕಡಿಮೆ, ಬಿದ್ದದ್ದನ್ನು ಹಿಡಿಯುತ್ತಿದ್ದ ಕೆರೆಗಳಲ್ಲಿ ಹೂಳು ಎಂದೆ. "ಹೂಳು ತೆಗೆಯಬಹುದಲ್ಲ?" ಎಂದಳು. ದೋಣಿಯಲ್ಲಿದ್ದ ದೊಡ್ಡವರೆಲ್ಲ ನೀರು ನೋಡುತ್ತಾ ಕೂತೆವು.

ಬೆಲೇಕಾನ, ಎರಡು ಅರ್ಧವೃತ್ತ ಸೇರಿದಂತಿರುವ ಓಂ ಕಡಲತೀರ ದಾಟಿ ಕುಡ್ಲೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ನನ್ನ ಹೆಂಡತಿ ನೇರ ಜೀವರಕ್ಷಕರ ಬಳಿ ಹೋಗಿ, ಎಲ್ಲಿ ಇಳಿಯಬಹುದು, ಎಲ್ಲಿ ಕೂಡದು ಎಂದು ಬೆರಳು ತೋರಿಸಿ ಕೇಳಿದಳು. ದೊಡ್ಡವರನ್ನು ನೀರಿನಲ್ಲಿ ಸಾಲಾಗಿ ನಿಲ್ಲಿಸಿದಳು. ಅವರಿಗೂ ದಂಡೆಗೂ ನಡುವೆ, ಸೊಂಟದ ಮಟ್ಟದ ನೀರಲ್ಲಷ್ಟೇ ಮಕ್ಕಳು. ಆಮೇಲೆ "ಹೂಂ" ಅಂದಳು. ಅರ್ಧ ಗಂಟೆ ಮಕ್ಕಳು ಅಲೆ ಬಂದಾಗ ಹಾರಿದರು, ಉಪ್ಪು ಕುಡಿದರು, ತೇಲಿದರು. ಅವಳು ಸೀರೆ ಎತ್ತಿಕಟ್ಟಿ ಮೊಣಕಾಲಿನವರೆಗೆ ಬಂದು ನಿಂತು, ಐದೈದು ನಿಮಿಷಕ್ಕೊಮ್ಮೆ ತಲೆ ಎಣಿಸುತ್ತಿದ್ದಳು.

ನೀವು ಹೋಗುವುದಾದರೆ ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ. ಮಳೆಗಾಲದ ಕಡಲು ಈಜಲು ಅಲ್ಲ. ತಂದ ಕಸ ವಾಪಸು ತನ್ನಿ. ಮತ್ತೆ, ತಲೆ ಎಣಿಸುವ ಅಜ್ಜಿಯೊಬ್ಬರನ್ನು ತಪ್ಪದೆ ಕರೆದುಕೊಂಡು ಹೋಗಿ.