ಹಗ್ಗ ಹಿಡಿದ ಕೈ

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಮದ್ದೂರು ಕಡೆಯ ಕೆಲವು ಯುವಕರು ನನ್ನ ಬಳಿಗೆ ಬಂದಿದ್ದರು. ಅವರ ಊರಿನಲ್ಲಿ ಜೋಡೆತ್ತಿನ ಗಾಡಿ ಓಟದ ಸ್ಪರ್ಧೆ ಏರ್ಪಾಡಾಗಿತ್ತು. "ಸ್ವಾಮಿ, ತಾವೂ ರೈತರ ಮಕ್ಕಳು. ಬಾವುಟ ತೋರಿಸಿ ಓಟ ಶುರು ಮಾಡಿಕೊಡಬೇಕು" ಎಂದು ಕೇಳಿಕೊಂಡರು. ನಾಳೆ ಹೇಳುತ್ತೇನೆಂದು ಕಳುಹಿಸಿದೆ. ಅಷ್ಟು ಸಣ್ಣ ಕೋರಿಕೆಗೆ ಒಂದು ರಾತ್ರಿಯ ಕಾಲಾವಕಾಶ ಏಕೆ ಬೇಕಾಯಿತೆಂಬುದನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ.

ನನ್ನ ಹುಟ್ಟೂರು ಮಳವಳ್ಳಿ ತಾಲ್ಲೂಕಿನದು. ನಮ್ಮ ಕೊಟ್ಟಿಗೆಯಲ್ಲಿ ಕರಿಯ, ಬೂದ ಎಂಬ ಹಳ್ಳಿಕಾರ್ ಜೋಡಿಯಿತ್ತು. ಈ ತಳಿಯನ್ನು ಬಲ್ಲವರಿಗೆ ವರ್ಣನೆ ಬೇಕಿಲ್ಲ: ಬೂದು ಮೈ, ಉದ್ದನೆಯ ಮುಖ, ನೆತ್ತಿಯಲ್ಲಿ ಒಂದಕ್ಕೊಂದು ಹತ್ತಿರ ಹುಟ್ಟಿ ಹಿಂದಕ್ಕೆ ಸಾಗಿ ತುದಿಯಲ್ಲಿ ಮುಂದಕ್ಕೆ ಬಾಗುವ ಕೊಂಬುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನಗಳಿಗೂ ಹಳ್ಳಿಕಾರೇ ಮೂಲ. 2000ದಲ್ಲಿ ಅಂಚೆ ಇಲಾಖೆಯು ಹಳ್ಳಿಕಾರ್ ಚಿತ್ರದ ಅಂಚೆಚೀಟಿ ಹೊರತಂದಾಗ ಅದನ್ನು ಅಪ್ಪನಿಗೆ ತೋರಿಸಿದ್ದೆ. ಬಹಳ ಹೊತ್ತು ನೋಡಿ, "ನಮ್ಮ ಕರಿಯನಷ್ಟು ಚೆಂದಾಗಿಲ್ಲ" ಎಂದಿದ್ದರು.

ನಮ್ಮವು ಓಟಕ್ಕೆಂದೇ ಸಾಕಿದ ಎತ್ತುಗಳಲ್ಲ. ವರ್ಷವೆಲ್ಲ ಉಳುಮೆ, ಆಲೆಮನೆಗೆ ಕಬ್ಬಿನ ಸಾಗಣೆ. ಓಟ ಜಾತ್ರೆಯ ದಿನ ಮಾತ್ರ. ಆದರೂ ಅಪ್ಪ ಒಂದು ತಿಂಗಳು ಮೊದಲೇ ನೆನೆಸಿದ ಹುರುಳಿ ತಿನ್ನಿಸಿ, ಬೆಳಗಿನ ಜಾವ ಹೊಳೆಯ ಮರಳಿನಲ್ಲಿ ನಡೆಸಿ, ಕೆರೆಯಲ್ಲಿ ಈಜಿಸಿ ಅವುಗಳನ್ನು ಸಿದ್ಧಮಾಡುತ್ತಿದ್ದರು. ಅವರ ಕೈಯಲ್ಲಿ ಕೋಲಿರುತ್ತಿರಲಿಲ್ಲ. ಜೋಡಿಯೆಂದರೂ ಎರಡು ಎತ್ತುಗಳ ಬಿರುಸು ಒಂದೇ ಆಗಿರುವುದಿಲ್ಲ. ಒಂದು ಮುಂದೆ ನುಗ್ಗಿದರೆ ನೊಗ ಓರೆಯಾಗಿ ಗಾಡಿ ಅಡ್ಡದಾರಿ ಹಿಡಿಯುತ್ತದೆ. ನುಗ್ಗುವುದನ್ನು ಹಗ್ಗದಲ್ಲಿ ತುಸುವೇ ತಡೆದು, ಹಿಂದುಳಿದುದನ್ನು ಹೆಸರು ಹಿಡಿದು ಕರೆಯಬೇಕು. ಗಾಡಿ ಹೊಡೆಯುವವನ ವಿದ್ಯೆ ಇಷ್ಟೇ. "ಇಷ್ಟೇ" ಎಂದು ಬರೆಯುವುದು ಸುಲಭ!

1988ರ ಬೇಸಿಗೆ. ನನಗೆ ಹತ್ತೊಂಬತ್ತು, ಗುರುಮಠದಿಂದ ರಜೆಗೆ ಬಂದಿದ್ದೆ. ಜಾತ್ರೆಯ ಹಿಂದಿನ ದಿನ ಅಪ್ಪನಿಗೆ ಜ್ವರ ಬಂದಿತು. ಹಗ್ಗ ನನ್ನ ಕೈಗೆ ಬಂದಿತು. "ಕೋಲು ಬೇಡ ಕಣೋ, ಬಾಯಲ್ಲಿ ಹೇಳು. ಅವಕ್ಕೆ ಗೊತ್ತಾಯ್ತದೆ" ಎಂದಷ್ಟೇ ಹೇಳಿದರು.

ಮೊದಲ ಸುತ್ತು ಗೆದ್ದೆ. ಕೊನೆಯ ಸುತ್ತಿಗೆ ಮೊದಲು ಗೆಳೆಯನೊಬ್ಬ ತುದಿಗೆ ಮೊಳೆ ಬಡಿದ ಕೋಲನ್ನು ಕೈಗಿತ್ತ. ಬೇಡವೆನ್ನಲಿಲ್ಲ. ಅರ್ಧ ದಾರಿಯಲ್ಲಿ ಪಕ್ಕದ ಗಾಡಿ ಮುಂದಾಯಿತು. ಜನರ ಕೂಗಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಮೊಳೆಯಿಂದ ಕರಿಯನ ತೊಡೆಗೆ ಚುಚ್ಚಿದೆ. ಒಮ್ಮೆಯಲ್ಲ, ಮೂರು ನಾಲ್ಕು ಬಾರಿ. ಬಾಲವನ್ನೂ ಹಿಡಿದು ತಿರುಚಿದೆ. ಬಾಲವೆಂಬುದು ಬೆನ್ನುಮೂಳೆಯದೇ ಮುಂದುವರಿದ ಭಾಗವೆಂಬುದು ಆಗ ತಿಳಿದಿರಲಿಲ್ಲ. ತಿಳಿದಿದ್ದರೂ ಬಿಡುತ್ತಿದ್ದೆನೆಂದು ಹೇಳಲಾರೆ. ಎರಡನೆಯ ಬಹುಮಾನವಾಗಿ ಒಂದು ಸ್ಟೀಲ್ ಬಿಂದಿಗೆ ಬಂದಿತು.

ಆ ರಾತ್ರಿ ಅಪ್ಪ ಜ್ವರದಲ್ಲೇ ಎದ್ದು, ಲಾಟೀನು ಹಿಡಿದು ಕೊಟ್ಟಿಗೆಗೆ ಹೋದರು. ಗಾಯಕ್ಕೆ ಅರಿಸಿನ, ಬೇವಿನೆಣ್ಣೆ ಹಚ್ಚಿದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ನಾನು ಹುಲ್ಲು ಹಿಡಿದು ಹೋದಾಗ ಕರಿಯ ಹಗ್ಗ ಬಿಗಿಯುವಷ್ಟು ಹಿಂದೆ ಸರಿದ. ರಜೆ ಮುಗಿಯುವವರೆಗೂ ನನ್ನ ಕೈಯಿಂದ ತಿನ್ನಲಿಲ್ಲ. ಅವ್ವ ಆ ಬಿಂದಿಗೆಯಲ್ಲಿ ಒಂದು ದಿನವೂ ನೀರು ತರಲಿಲ್ಲ. ಎತ್ತುಗಳ ಹುರುಳಿ ನೆನೆಸಲು ಇಟ್ಟುಕೊಂಡರು. ಮುಂದೆ ಗುರುಮಠದಲ್ಲಿ ಸಂಖ್ಯಾಕಾಂಡದ ಪಾಠ ನಡೆದು, ಬಿಳಾಮನ ಕತ್ತೆ ಮೂರು ಸಲ ಪೆಟ್ಟು ತಿಂದು ತನ್ನ ತಪ್ಪೇನೆಂದು ಕೇಳುವ ಘಟ್ಟ ಬಂದಾಗ ತರಗತಿಯೆಲ್ಲ ನಕ್ಕಿತು. ನಾನು ಪುಸ್ತಕದಿಂದ ತಲೆಯೆತ್ತಲಿಲ್ಲ.

2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿದಾಗ ಒಳಗೊಳಗೇ ಸಮಾಧಾನಪಟ್ಟೆ. ಆದರೆ ಊರಿನವರ ಮಾತಿನಲ್ಲಿಯೂ ಸತ್ಯವಿತ್ತು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಓಟವೂ ಇಲ್ಲವಾದರೆ ಹಳ್ಳಿಕಾರ್ ಹೋರಿಗಳನ್ನು ಸಾಕುವವರು ಯಾರು? ನಮ್ಮ ಬೀದಿಯ ಕೊಟ್ಟಿಗೆಗಳು ಒಂದೊಂದಾಗಿ ಬರಿದಾದುದನ್ನು ಕಂಡಿದ್ದೇನೆ. 2017ರಲ್ಲಿ ಕರ್ನಾಟಕವು ಕಾನೂನಿಗೆ ತಿದ್ದುಪಡಿ ತಂದು, ಅನಗತ್ಯ ನೋವು ಕೊಡಬಾರದೆಂಬ ಷರತ್ತಿನೊಡನೆ ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶ ನೀಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಅದನ್ನು ಎತ್ತಿಹಿಡಿಯಿತು. ಷರತ್ತು ಕಾಗದದ ಮೇಲಿದೆ. ಹಗ್ಗ ಹಿಡಿದವನ ಇನ್ನೊಂದು ಕೈಯಲ್ಲಿ ಏನಿದೆಯೆಂದು ನೋಡುವವರು ಬೇಕಲ್ಲ!

ಮರುದಿನ ಯುವಕರಿಗೆ, "ಬರುತ್ತೇನೆ. ಆದರೆ ಓಟಕ್ಕೆ ಮೊದಲು ಕೋಲುಗಳನ್ನೆಲ್ಲ ನನ್ನ ವಶಕ್ಕೆ ಕೊಡಬೇಕು" ಎಂದೆ. ಅವರು ಮುಖ ಮುಖ ನೋಡಿಕೊಂಡರು. "ಕೋಲಿಲ್ದೆ ಗೆಲ್ಲೋಕಾಯ್ತದಾ ಸ್ವಾಮಿ?" ಎಂದು ಒಬ್ಬ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಹೇಗೋ ಒಪ್ಪಿದರು.

ಓಟದ ದಿನ ಬಾವುಟ ಹಿಡಿಯುವ ಮೊದಲು ಜೋಡಿಗಳ ಬಳಿ ಒಂದೊಂದಾಗಿ ಹೋಗಿ ಮೈ ಸವರಿದೆ. ಮೂರನೆಯ ಜೋಡಿಯ ಎಡಗಡೆಯ ಎತ್ತು ನನ್ನ ಕೈ ಕಂಡೊಡನೆ ಸರಕ್ಕನೆ ಹಿಂದೆ ಸರಿಯಿತು. ಗಾಡಿಯ ಮೇಲಿದ್ದ ಹುಡುಗ ಮುಖ ತಿರುಗಿಸಿದ. ವಯಸ್ಸು ಇಪ್ಪತ್ತು ದಾಟಿರಲಾರದು. ಜನ ಶಿಳ್ಳೆ ಹಾಕುತ್ತಿದ್ದರು, ಧ್ವನಿವರ್ಧಕದಲ್ಲಿ ನನ್ನ ಹೆಸರು ಕೂಗುತ್ತಿದ್ದರು. ಬಾವುಟವನ್ನು ಗಾಡಿಯ ಚಕ್ರಕ್ಕೆ ಒರಗಿಸಿ, ಅವನ ಪಕ್ಕದಲ್ಲಿ ನಿಂತು, ಕರಿಯನ ಸಂಗತಿಯನ್ನು ಹೇಳತೊಡಗಿದೆ.