ಹೆಣ್ಣಿನ ನಡಿಗೆ ಕಲಿಸಿದ ಮಾಷ್ಟ್ರು

48ನೇ ವಯಸ್ಸಿನಲ್ಲಿ ನಾನು ಕಾಲಿಗೆ ಗೆಜ್ಜೆ ಕಟ್ಟಿದೆ ಅಂದರೆ ನಿಮಗೆ ನಗು ಬರಬಹುದು. ನಗಿ, ಬೇಜಾರಿಲ್ಲ. ನಮ್ಮ ಕೇರಿಯಲ್ಲಿ ನಗದವರು ಯಾರೂ ಉಳಿದಿಲ್ಲ.

ಇದೆಲ್ಲ ಶುರುವಾದದ್ದು ಒಂದು ವಿಡಿಯೋದಿಂದ. ಕುಂದಾಪುರದ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಈಗ ಇಂಗ್ಲೆಂಡಿನ ಸಣ್ಣದೊಂದು ಊರಿನಲ್ಲಿ ನರ್ಸ್. ಅಲ್ಲಿ ವಾರಕ್ಕೊಂದು ಸಂಜೆ ಬೆಲ್ಲಿ ಡ್ಯಾನ್ಸ್ ಕ್ಲಾಸಿಗೆ ಹೋಗುತ್ತಾಳಂತೆ. ಸೊಂಟಕ್ಕೆ ಬಿಲ್ಲೆಗಳ ಶಾಲು ಸುತ್ತಿಕೊಂಡು ನಮ್ಮದೇ ಪ್ರಾಯದ ಹೆಂಗಸರ ನಡುವೆ ಕುಣಿಯುತ್ತಿದ್ದಳು. ಫೋನ್ ಮಾಡಿ, "ಹೊಟ್ಟೆ ಇದ್ದರೇ ಬಪ್ಪುದ್ ಮರಾಯ್ತಿ, ಯಾರೂ ಎಂತ ಹೇಳುದಿಲ್ಲ. ನೀನ್ ಎಂತ ಮಾಡ್ತೆ ಈಗ?" ಅಂದಳು.

ನಾನೆಂತ ಮಾಡುತ್ತಿದ್ದೆ? ಬೆಳಿಗ್ಗೆಯಿಂದ ಸೊಸೈಟಿಯ ಲೆಕ್ಕ, ಸಂಜೆ ಮನೆ. ಗರ್ಭಕೋಶದ ಆಪರೇಷನ್ ಆಗಿ ಮೂರು ವರ್ಷವಾಗಿತ್ತು. ಹೊಟ್ಟೆ ಸಡಿಲಾಗಿತ್ತು, ಮನಸ್ಸೂ ಹಾಗೇ. ಮದುವೆ ಮನೆಯ ಫೋಟೋದಲ್ಲಿ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಿದ್ದೆ. ಡಾಕ್ಟರು ದಿನಾ ನಡೆಯಬೇಕು ಅಂದಿದ್ದಕ್ಕೆ, ಕತ್ತಲಾದ ಮೇಲೆ ಹೊರಡುತ್ತಿದ್ದೆ.

ಕೋಟದ ಹತ್ತಿರ ಭಾನುವಾರ ಮಧ್ಯಾಹ್ನ ಹೆಂಗಸರಿಗೆ ಯಕ್ಷಗಾನ ಕಲಿಸುತ್ತಾರೆ ಅಂತ ಗೊತ್ತಾದದ್ದು ಆಗ. ನಮ್ಮ ಕಡೆ ಯಕ್ಷಗಾನಕ್ಕೇನು ಬರ? ಬ್ರಹ್ಮಾವರದ ಆಸುಪಾಸಿನ ಹಾರಾಡಿ, ಮಟಪಾಡಿ ಊರುಗಳ ಹೆಸರಿನಲ್ಲೇ ಬಡಗುತಿಟ್ಟಿನ ಶೈಲಿಗಳಿವೆ. ಸಾಲಿಗ್ರಾಮ ಮಕ್ಕಳ ಮೇಳ ಶುರುವಾದದ್ದು 1975ರಲ್ಲಿ. ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡ ಮೇಲೂ ಎಷ್ಟೋ ಮನೆಗಳಲ್ಲಿ ಅವರ ಪದ್ಯದ ಕ್ಯಾಸೆಟ್ಟು ತಿರುಗುತ್ತಲೇ ಇತ್ತು. ಚಿಕ್ಕವಳಿದ್ದಾಗ ಮಂದಾರ್ತಿ ಮೇಳದ ಹರಕೆ ಆಟಕ್ಕೆ ಚಾಪೆ ಹಿಡಿದುಕೊಂಡು ಹೋಗುತ್ತಿದ್ದೆವು. ಬಣ್ಣದ ವೇಷ ಬರುವಾಗ ಅಪ್ಪಯ್ಯ ತಟ್ಟಿ ಎಬ್ಬಿಸುತ್ತಿದ್ದರು. ಒಮ್ಮೆ "ನಾನೂ ವೇಷ ಮಾಡ್ತೆ" ಅಂದದ್ದಕ್ಕೆ, "ಹೆಣ್ ಮಕ್ಕಳ್ ಆಟ ಕಾಂಬುದ್, ಕುಣುದಲ್ಲ" ಅಂದರು. ಬೈಗುಳವಲ್ಲ, ಪ್ರೀತಿಯಿಂದಲೇ ಹೇಳಿದ್ದು. ಅಣ್ಣ ಹೆಜ್ಜೆ ಕಲಿತ. ನನಗೆ ಚಾಪೆ ಮಡಚುವ ಕೆಲಸ.

ಕ್ಲಾಸಿನಲ್ಲಿ ನಾವು ಹನ್ನೊಂದು ಜನ. ಮಾಷ್ಟ್ರು ಮೇಳಗಳಲ್ಲಿ ವರ್ಷಾನುಗಟ್ಟಲೆ ಸ್ತ್ರೀವೇಷ ಮಾಡಿ ನಿವೃತ್ತರಾದವರು. ಯಾವ ವೇಷ ಆಸೆ ಅಂತ ಕೇಳಿದಾಗ, "ಅಭಿಮನ್ಯು, ಕೇದಗೆ ಮುಂದಲೆ ಕಟ್ಟಬೇಕು" ಅಂದೆ. ಅವರು ನಗಲಿಲ್ಲ. "ಮೊದ್ಲ್ ನಡ್ದ್ ತೋರ್ಸಿ ಕಾಂಬ" ಅಂದರು. ನಡೆದೆ.

"ನೀವ್ ನಡುದ್ ಸೊಸೈಟಿಗೆ ಹೊತ್ತಾಯ್ತ್ ಅಂಬು ಹಾಂಗಿತ್ತ್."

ಆಮೇಲೆ ಅವರೇ ಮುಂಡು ಸರಿಮಾಡಿಕೊಂಡು ನಡೆದರು. ಬನಿಯನ್ನು, ನೆರೆತ ಗಡ್ಡ, ನನಗಿಂತ ದೊಡ್ಡ ಹೊಟ್ಟೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಗಡ್ಡ ಕಾಣಲಿಲ್ಲ, ಹೊಟ್ಟೆ ಕಾಣಲಿಲ್ಲ. ಯಾರೋ ಒಬ್ಬಳು ರಾಣಿ ಬೇಸರದಲ್ಲಿ ಕಿಟಕಿಯ ಹತ್ತಿರ ಹೋದಳು, ತಿರುಗಿ ನೋಡಿದಳು. ನಾವೆಲ್ಲ ಸುಮ್ಮನಾದೆವು.

"ಸೊಂಟ ಕುಣ್ಸುಕಾಗ. ಭಾರ ಹಿಮ್ಮಡಿಗ್ ಬಿಡ್ಕ್, ಸೊಂಟ ಅದಾಯ್ಕೇ ಬತ್ತ್" ಅಂದರು. ಯಾರಿಂದ ಕಲಿತದ್ದು ಅಂತ ಕೇಳಿದೆ. ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ಕೊಡ ಹೊತ್ತ ತಮ್ಮ ಅಬ್ಬಿಯನ್ನು ನೋಡಿಯಂತೆ. ಗಂಡಸೊಬ್ಬರು ನಮ್ಮಂಥವರನ್ನು ನೋಡಿ ಕಲಿತದ್ದನ್ನು ನಾನು ದುಡ್ಡು ಕೊಟ್ಟು ಅವರಿಂದ ಕಲಿಯಬೇಕಾಯಿತು! ಅಭಿಮನ್ಯುವಿನ ಆಸೆ ಅವತ್ತೇ ಬಿಟ್ಟೆ.

ಕಲಿಯುವುದು ಸಲೀಸೇನಲ್ಲ. ಏಕತಾಳ ಹೇಗೋ ಹಿಡಿಯಿತು. ತ್ರಿವುಡೆಗೆ ಏಳು ಮಾತ್ರೆ, ನನ್ನ ಕಾಲು ಎಂಟನೆಯದಕ್ಕೆ ಇಳಿಯುತ್ತಿತ್ತು. ಪಿಯುಸಿ ಹುಡುಗಿಯರು ಮಂಡಿ ಹಾಕಿ ಗಿರಗಿರನೆ ತಿರುಗುವಾಗ ನಾನು ಗೋಡೆ ಬದಿ ನಿಂತು ತಾಳ ಹಾಕುತ್ತಿದ್ದೆ. ಮನೆಯಲ್ಲಿ ಅತ್ತೆಯ ಮೌನ. "ಈ ಪ್ರಾಯದಲ್ ಎಂತಕೆ? ಜನ ಎಂತ ಹೇಳ್ತ್ರ್?" ಅಂತ ಒಮ್ಮೆ ಕೇಳಿದವರು, ಆಮೇಲೆ ಭಾನುವಾರ ಸಂಜೆ ನನ್ನ ಹತ್ತಿರ ಮಾತೇ ಬಿಟ್ಟರು. ಮೀನು ಸಾರು ಮಾಡಿ, ಊಟ ಬಡಿಸಿ, ಪಾತ್ರೆ ತೊಳೆದು ಎರಡು ಗಂಟೆಯ ಬಸ್ಸಿಗೆ ಓಡುವಾಗ ಎಷ್ಟೋ ಸಲ ಬಸ್ಸು ಹೋಗಿಯಾಗಿರುತ್ತಿತ್ತು.

ವರ್ಷ ಕಳೆದ ಮೇಲೆ 'ಭೀಷ್ಮ ವಿಜಯ' ಆಡಿದೆವು. ಅಂಗನವಾಡಿ ಟೀಚರ್ ಒಬ್ಬರು ಭೀಷ್ಮ. ನಾನು ಅಂಬಿಕೆ: ಅಕ್ಕತಂಗಿಯರ ಜೊತೆ ಒಂದು ಕುಣಿತ, ಎರಡೇ ಮಾತು. ಚೌಕಿಯಲ್ಲಿ ಸೀರೆ ಬಿಗಿಯುತ್ತಿದ್ದ ಜೊತೆಯವಳ ಕೈ ಆಪರೇಷನ್ನಿನ ಗಾಯದ ಗುರುತಿಗೆ ತಾಗಿತು. ನಾನು ಸೆಟೆದುಕೊಂಡೆ. "ನೋವಾತ್ತಾ?" ಅಂದಳು. ನೋವೆಂತದೂ ಇರಲಿಲ್ಲ. ಅಷ್ಟು ವರ್ಷ ನಾನೇ ಸರಿಯಾಗಿ ಮುಟ್ಟಿ ನೋಡದ ಜಾಗ ಅದು. "ಇಲ್ಲ, ಇನ್ನೂ ಬಿಗಿ" ಅಂದೆ.

ರಂಗಸ್ಥಳದಲ್ಲಿ ಕುಣಿತ ಮುಗಿಯಿತು. ಮೊದಲ ಮಾತು ಹೇಳಿದೆ. ಎರಡನೆಯದು ಮರೆತೇ ಹೋಯಿತು. ಯಕ್ಷಗಾನದಲ್ಲಿ ಮಾತು ಬರೆದಿಟ್ಟದ್ದಲ್ಲ ನೋಡಿ, ಎದುರಿನವರು ಎತ್ತಿಕೊಡಬಹುದು. ಭೀಷ್ಮ ಮೀಸೆ ತೀಡಿ, "ಏನಮ್ಮಾ, ಮೌನವೆಂದರೆ ಸಮ್ಮತಿಯೇ?" ಅಂದರು. ಎಲ್ಲಿಂದ ಬಂತೋ ಗೊತ್ತಿಲ್ಲ, ಬಾಯಿಗೆ ಬಂತು:

"ರಥ ಹತ್ತಿಸುವಾಗ ಕೇಳದವರು, ಈಗ ಮೌನಕ್ಕೆ ಅರ್ಥ ಹಚ್ಚುವುದೇಕೆ?"

ಹೆಂಗಸರ ಸಾಲಿನಿಂದ ಚಪ್ಪಾಳೆ ಬಿತ್ತು. ಭಾಗವತರು ನಕ್ಕು ಮುಂದಿನ ಪದ್ಯ ಎತ್ತಿಕೊಂಡರು.

ಬರುವುದಿಲ್ಲ ಅಂದಿದ್ದ ಅತ್ತೆ ಮೂರನೇ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದರು. ಮನೆಗೆ ಹೋಗುವಾಗ ರಿಕ್ಷಾದಲ್ಲಿ ಇಬ್ಬರಿಗೂ ಮಾತಿಲ್ಲ. ಗೇಟಿನ ಹತ್ತಿರ ಇಳಿಯುವಾಗ, "ಸೀರಿ ನೆರಿ ಚೂರ್ ಮೇಲ್ ಹೋಯಿತ್ತ್" ಅಂದರು. ಅಷ್ಟೇ.

ಮುಂದಿನ ಭಾನುವಾರ ಎದ್ದು ಅಡುಗೆಮನೆಗೆ ಹೋದರೆ ಮೀನು ಕೊಯ್ದು ತೊಳೆದಿಟ್ಟಾಗಿತ್ತು. ಅತ್ತೆ ಮಸಾಲೆಗೆ ಕಾಯಿ ತುರಿಯುತ್ತಿದ್ದರು. ತಲೆ ಎತ್ತದೆ ಹೇಳಿದರು: "ಬೇಗ ಬೇಗ ಮಾಡ್, ಬಸ್ ತಪ್ಪತ್ತ್ ಕಾಣ್."