ಕಪ್ಪು ಚಾರ್ಟು, ಹಳೇ ಚಪ್ಪಲಿ ಅಟ್ಟೆ ಮತ್ತು ಒಂದು ದೆವ್ವದ ಮುಖ



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ.

ಕಳೆದ ಅಕ್ಟೋಬರ್ ಕೊನೇ ವಾರ. ಆರನೇ ಕ್ಲಾಸಿನ ನನ್ನ ಮಗಳು ಸ್ಕೂಲಿಂದ ಒಂದು ಚೀಟಿ ತಂದ್ಲು. ಕಪ್ಪು ಚಾರ್ಟ್ ಎರಡು, ಕಿತ್ತಳೆ ಬಣ್ಣದ ಕ್ರೇಪ್ ಪೇಪರ್, ಸ್ಪ್ರೇ ಬಣ್ಣ ಒಂದು ಡಬ್ಬಿ, ಬಾವಲಿ, ಬುರುಡೆ ಚಿತ್ರದ ಸ್ಟಾಂಪ್ ಸೆಟ್ಟು. 31ನೇ ತಾರೀಕು ಹ್ಯಾಲೋವೀನ್ ಅಂತೆ. ಪ್ರತಿ ಮಗೂನೂ ಕೈಯಾರೆ ಒಂದು ಅಲಂಕಾರ ಮಾಡಿ ತರಬೇಕಂತೆ. ಮಧುಗಿರಿ ಪೇಟೇಲಿ ವಿಚಾರಿಸಿದ್ರೆ ಎಲ್ಲಾ ಸೇರಿ 600 ರೂಪಾಯಿ ಹತ್ತಿರ ಆಗುತ್ತೆ ಅಂದ್ರು. ನನಗೆ ನಗು ಬಂತು. ಊರ ತುಂಬ ಕಡ್ಲೆಕಾಯಿ ಕೀಳೋ ಕಾಲ, ಇಲ್ಲಿ ನೋಡಿದ್ರೆ ದೆವ್ವದ ಹಬ್ಬ!

ಮಾರನೇ ದಿನ ಆ ನಗು ಇರಲಿಲ್ಲ. ಮಗಳು ಬ್ಯಾಗ್ ಮೂಲೆಗೆ ಎಸೆದು ಮಲಗಿಬಿಟ್ಟಳು. ಊಟಕ್ಕೆ ಕರೆದ್ರೆ ಬರಲಿಲ್ಲ. ರಾತ್ರಿ ಕತ್ತಲಲ್ಲಿ ನನ್ನ ಮಗ್ಗುಲಿಗೆ ಬಂದು ಹೇಳಿದ್ಲು. ಯಾರು ಏನು ವೇಷ ಹಾಕ್ತೀರಿ ಅಂತ ಮಾತಾಡೋವಾಗ ಒಬ್ಬ ಹುಡುಗ ಅಂದಿದ್ದಾನೆ, 'ನೀನು ಪೇಪರ್ ತರೋದು ಬೇಡ ಬಿಡು, ಹಂಗೇ ಬಂದ್ರೂ ಸಾಕು.' ಎಲ್ಲರೂ ನಕ್ಕರಂತೆ. ಟೀಚರ್ ಕೂಡ ಬಾಯಿಗೆ ಕೈ ಅಡ್ಡ ಇಟ್ಕೊಂಡ್ರಂತೆ.

'ಅಮ್ಮಾ, ದೆವ್ವ ಯಾಕೆ ಕಪ್ಪಗಿರುತ್ತೆ?' ಅಂತ ಕೇಳಿದ್ಲು.

ಇಪ್ಪತ್ತು ವರ್ಷದಿಂದ ವೇದಿಕೆ ಮೇಲೆ ಮಾತಾಡಿರೋಳು ನಾನು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಹುಟ್ಟಿದ್ದು ಕೊರಟಗೆರೆ ತಾಲ್ಲೂಕಿನ ಒಂದು ಎ.ಕೆ. ಕಾಲೋನೀಲಿ. ನಮ್ಮಪ್ಪ ತಮಟೆ ಹೊಡೀತಿದ್ರು. ಊರಲ್ಲಿ ಸಾವಾದ್ರೆ ನೆಂಟರೂರಿಗೆ ಸುದ್ದಿ ಮುಟ್ಟಿಸೋರು ನಾವು, ಗುಣಿ ತೋಡೋರು ನಾವು, ಹೆಣದ ಮುಂದೆ ತಮಟೆ ಬಾರಿಸೋರು ನಾವು. ಸಾವಿನ ಕೆಲಸ ಎಲ್ಲಾ ನಮ್ಮ ಕೈಯಲ್ಲಿ ಮಾಡಿಸಿಕೊಂಡ ಊರು, ಆಮೇಲೆ ನಮ್ಮ ಕಾಲೋನಿ ಪಕ್ಕದ ಹುಣಸೇಮರದಲ್ಲಿ ದೆವ್ವ ಐತೆ ಅಂತ ಮಕ್ಕಳಿಗೆ ಕತೆ ಹೇಳ್ತಿತ್ತು. ಸಂಜೆ ಆದ್ಮೇಲೆ ಆ ಕಡೆ ಹೋಗಬೇಡಿ ಅನ್ನೋರು. ಆ ಕಡೆ ಅಂದ್ರೆ ನಮ್ಮ ಮನೆ.

ಹ್ಯಾಲೋವೀನ್ ಪರದೇಶದ್ದು ಅಂತ ಬೈಯೋರು ಇದಾರೆ. ನನಗೆ ಆ ತಕರಾರಿಲ್ಲ. ನವೆಂಬರ್ 1ರ ಕ್ರೈಸ್ತ ಸಂತರ ದಿನದ ಹಿಂದಿನ ರಾತ್ರಿ ಅದು. ಐರ್ಲೆಂಡ್, ಸ್ಕಾಟ್ಲೆಂಡಿನ ಬಡವರು ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡ್ತಿದ್ರು. ಅಮೆರಿಕಕ್ಕೆ ಹೋದ್ಮೇಲೆ ಗೆಡ್ಡೆ ಜಾಗಕ್ಕೆ ಕುಂಬಳಕಾಯಿ ಬಂತು. ನಾವೂ ಮಾಳಯ ಅಮಾಸೇಲಿ ಸತ್ತ ಹಿರಿಯರಿಗೆ ಎಡೆ ಇಡ್ತೀವಿ. ಕಟ್ಟೋ ಮನೆ ಮುಂದೆ ದೃಷ್ಟಿ ಬೊಂಬೆ ನೇತು ಹಾಕ್ತೀವಿ. ಒಂದ್ಸಲ ಆ ಬೊಂಬೆ ಮುಖ ನೆನಪು ಮಾಡ್ಕೊಳ್ಳಿ: ಕಪ್ಪು ಮೈ, ದಪ್ಪ ತುಟಿ, ಗುಂಗುರು ಕೂದಲು, ಕೆಂಪು ನಾಲಗೆ. ಅದು ಯಾರ ಮುಖ? ಆ ಹುಡುಗ ಅಂದಿದ್ದು ಅಮೆರಿಕದಿಂದ ಬಂದ ಮಾತಲ್ಲ. ಅದು ಅವನ ಮನೆ ಬಾಗಿಲಲ್ಲೇ ನೇತಾಡ್ತಿತ್ತು.

ಸ್ಕೂಲಿಗೆ ಹೋಗಿ ಜಗಳ ತೆಗೆಯೋಣ ಅಂತ ಮೊದಲು ಅನ್ನಿಸ್ತು. ಮಗಳು ಬೇಡ ಅಂದ್ಲು. 'ನಾನು ಏನಾದ್ರೂ ಮಾಡಿ ತಗೊಂಡೇ ಹೋಗ್ತೀನಿ' ಅಂದ್ಲು. ಹಂಗಾದ್ರೆ ಬಾ ಅಂತ ಭಾನುವಾರ ತವರಿಗೆ ಕರ್ಕೊಂಡು ಹೋದೆ. ಯಾಕಂದ್ರೆ ಕಾಗದ, ಸ್ಪ್ರೇ, ಸ್ಟಾಂಪು ಅಂದಾಗ ನನಗೆ ನೆನಪಾಗಿದ್ದು 1991ರ ಏಪ್ರಿಲ್.

ಅದು ಬಾಬಾಸಾಹೇಬರು ಹುಟ್ಟಿ ನೂರು ವರ್ಷ ಆದ ಜಯಂತಿ. ಆಗ ನನಗೆ ಹತ್ತು ವರ್ಷ. ಫ್ಲೆಕ್ಸ್ ಇನ್ನೂ ನಮ್ಮೂರಿಗೆ ಬಂದಿರಲಿಲ್ಲ. ಬ್ಯಾನರ್ ಬರೆಸೋಕೆ ದುಡ್ಡಿರಲಿಲ್ಲ. ಹಾಸ್ಟೆಲಲ್ಲಿ ಓದ್ತಿದ್ದ ಅಣ್ಣಂದಿರು ಆಸ್ಪತ್ರೇಲಿ ಬಿಸಾಕಿದ್ದ ಎಕ್ಸ್‌ರೇ ಹಾಳೆ ತಂದ್ರು. ಬ್ಲೀಚಿಂಗ್ ಪುಡಿ ನೀರಲ್ಲಿ ನೆನೆಸಿ ಉಜ್ಜಿದ್ರೆ ಕಪ್ಪು ಬಿಟ್ಟು ಹಾಳೆ ಕನ್ನಡಿ ಥರ ಆಗುತ್ತೆ. ಅದರ ಮೇಲೆ ಅಕ್ಷರ ಬರೆದು ಬ್ಲೇಡಲ್ಲಿ ಕೊರೆದ್ರು. 'ಅಂಬೇಡ್ಕರ್' ಅಂತ ಕೊರೆಯೋವಾಗ ಸೊನ್ನೆ ಮಧ್ಯದ ಬಿಲ್ಲೆ ಉದುರಿ ಹೋಗೋದು. ಬಿಲ್ಲೆ ಉದುರದ ಹಂಗೆ ಆ ಕಡೆ ಈ ಕಡೆ ಎರಡು ಎಳೆ ಬಿಡಬೇಕು ಅಂತ ಕಂಡ್ಕೊಳ್ಳೋಕೆ ಮೂರು ಹಾಳೆ ಹಾಳಾದವು. ಬಟ್ಟೆಗೆ ಹಾಕೋ ನೀಲೀಗೆ ಗೋಂದು ಕಲಸಿ, ಹಳೇ ಹಲ್ಲುಜ್ಜೋ ಬ್ರಷ್ ಅದ್ದಿ, ಬಾಚಣಿಗೆ ಮೇಲೆ ಎಳೆದ್ರೆ ಸಣ್ಣಗೆ ಹನಿ ಚಿಮ್ಮುತ್ತೆ. ಅದೇ ನಮ್ಮ ಸ್ಪ್ರೇ. ಮೈದಾ ಅಂಟಿಗೆ ಒಂದಿಷ್ಟು ಮೈಲುತುತ್ತ ಹಾಕಿದ್ರೆ ಹುಳ ಹಿಡಿಯಲ್ಲ. ಅದರಲ್ಲಿ ಬಣ್ಣದ ಕಾಗದದ ಬಾವುಟ ಸಾಲಾಗಿ ದಾರಕ್ಕೆ ಅಂಟಿಸಿದ್ವಿ.

ಸ್ಟಾಂಪ್ ಮಾಡಿದ್ದು ನಮ್ಮ ತಾತ. ಅವರು ಚಪ್ಪಲಿ ಹೊಲಿಯೋರು. ಕಿತ್ತುಹೋದ ಹವಾಯಿ ಚಪ್ಪಲಿ ಅಟ್ಟೆ ತಗೊಂಡು, ಚರ್ಮ ಕೊಯ್ಯೋ ರಂಪಿಗೇಲಿ ಒಂದು ಚಕ್ರ, ಒಂದು ಪೆನ್ನು, ಒಂದು ತೆರೆದ ಪುಸ್ತಕ ಕೊರೆದ್ರು. ಆಮೇಲೆ 'ಜೈಭೀಮ್' ಅಂತಾನೂ ಕೊರೆದ್ರು. ಒತ್ತಿ ನೋಡಿದ್ರೆ ಅಕ್ಷರ ಎಲ್ಲಾ ತಿರುವುಮುರುವು! ತಾತನಿಗೆ ಓದು ಬರ್ತಿರಲಿಲ್ಲ. 'ಕನ್ನಡೀಲಿ ನೋಡಿ ಬರೀಬೇಕಾ ಇದು' ಅಂತ ನಕ್ಕು, ಇನ್ನೊಂದು ಅಟ್ಟೆ ತಗೊಂಡ್ರು.

ಆವಾಗ ಒಬ್ಬ ಅಣ್ಣ ಸಿಟ್ಟಾದ. 'ಚಪ್ಪಲಿ ಅಟ್ಟೇಲಿ ಬಾಬಾಸಾಹೇಬ್ರ ಜಯಂತಿ ಮಾಡ್ತೀರಾ? ಊರೋರು ನೋಡಿದ್ರೆ ಏನಂತಾರೆ?'

ತಾತ ಕೊರೆಯೋದು ನಿಲ್ಲಿಸಲಿಲ್ಲ. 'ಊರೋರು ಏನಾದ್ರೂ ಅನ್ಕೊಳ್ಲಿ ಮಗಾ. ನಿನ್ನ ಹಾಸ್ಟೆಲ್ ಟ್ರಂಕು ಈ ಅಟ್ಟೆ ಹೊಲಿದ ದುಡ್ಡಿಂದೇ ಕೊಂಡಿದ್ದು. ಇದರಲ್ಲಿ ಮೈಲಿಗೆ ಎಲ್ಲೈತೆ, ಬೆಟ್ಟು ಮಾಡಿ ತೋರ್ಸು' ಅಂದ್ರು.

ಆ ಅಣ್ಣ ಸುಮ್ಮನಾದ. ಸ್ವಲ್ಪ ಹೊತ್ತಾದ್ಮೇಲೆ ಬಂದು ತಾತನ ಪಕ್ಕ ಕೂತು ಬಣ್ಣದ ಬಟ್ಟೆ ಹಿಡ್ಕೊಂಡ. ಏಪ್ರಿಲ್ 14ರ ಬೆಳಿಗ್ಗೆ ಕಾಲೋನಿ ಪ್ರತಿ ಬಾಗಿಲ ಮೇಲೂ ನೀಲಿ ಪುಸ್ತಕ ಒತ್ತಿತ್ತು. ಸುಣ್ಣ ಬಳಿದರೂ ಎಷ್ಟೋ ವರ್ಷ ಅದರ ನೆರಳು ಕಾಣ್ತಿತ್ತು.

ಈ ಕತೆ ಮಗಳಿಗೆ ಹೇಳಿದ್ದು ಅದೇ ಜಗುಲಿ ಮೇಲೆ ಕೂತು. ತಾತ ಇಲ್ಲ, ರಂಪಿಗೆ ಇತ್ತು. ಕಾಲೋನಿ ಮಕ್ಕಳೆಲ್ಲ ಸುತ್ತ ಸೇರಿದ್ವು. ಸಿರಾದಿಂದ ಒಬ್ಬ ಗೆಳೆಯ ಬಂದಿದ್ರು. ಅವರ ಮನೇಲಿ ಬಾಬಯ್ಯನ ಹಬ್ಬಕ್ಕೆ ಬಿದಿರು, ಬಣ್ಣದ ಕಾಗದದ ತಾಬೂತು ಕಟ್ಟೋದು ಅಜ್ಜನ ಕಾಲದಿಂದ ಬಂದ ವಿದ್ಯೆ. ಬಿದಿರಿನ ಕಡ್ಡಿ ಸೀಳಿ, ಹೊಗೆ ಕಾಸಿ ಬಗ್ಗಿಸಿ, ದಾರದಲ್ಲಿ ಬಿಗಿದು ದೀಪದ ಗೂಡು ಮಾಡೋದು ಅವರು ಕಲಿಸಿದ್ರು. ಕಾಗದಕ್ಕೆ ತೆಳ್ಳಗೆ ಎಣ್ಣೆ ಸವರಿದ್ರೆ ಬೆಳಕು ಚೆನ್ನಾಗಿ ಬರುತ್ತೆ. ಒಳಗೆ ತೆಂಗಿನ ಚಿಪ್ಪಲ್ಲಿ ಮರಳು, ಮರಳಲ್ಲಿ ಮೇಣದಬತ್ತಿ. ಪಾವಗಡದ ಗೆಳತಿ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ದಯ್ಯಂ ಕತೆ ಹೇಳಿ ಮಕ್ಕಳನ್ನ ಹೆದರಿಸ್ತಾನೇ ಇದ್ಲು. ಮೆಕ್ಸಿಕೋದಲ್ಲಿ ಸತ್ತೋರ ದಿನಕ್ಕೆ ಹತ್ತಾರು ತೆಳು ಕಾಗದ ಒಂದರ ಮೇಲೊಂದು ಇಟ್ಟು ಉಳೀಲಿ ಕೊರೆದು ತೋರಣ ಕಟ್ತಾರೆ ಅಂತ ನಾನು ಫೋನಲ್ಲಿ ಚಿತ್ರ ತೋರಿಸ್ದೆ. ಒಬ್ಬ ಹುಡುಗ ತಕ್ಷಣ ರಂಪಿಗೆ ಎತ್ಕೊಂಡ. ಎಂಟು ಹಾಳೆ ಒಟ್ಟಿಗೆ ಕೊಯ್ದ.

ಮಕ್ಕಳಿಗೆ ಒಂದೇ ಮಾತು ಹೇಳಿದ್ದೆ. ದೆವ್ವ ಮಾಡಿ, ಬೇಡ ಅನ್ನಲ್ಲ. ಆದ್ರೆ ನಿಮಗೆ ನಿಜವಾಗ್ಲೂ ಭಯ ಆಗೋದನ್ನ ಮಾಡಿ.

ಒಬ್ಬಳು ಬೆಲ್ಟ್ ಹಿಡಿದ ಕೈ ಮಾಡಿದ್ಲು. ಒಬ್ಬ ಸಾರಾಯಿ ಪಾಕೀಟು. ಇನ್ನೊಬ್ಬಳು ದೊಡ್ಡದೊಂದು ಬಾಯಿ ಮಾಡಿ, ಅದರ ಮೇಲೆ 'ನೀವು ಯಾವ ಪೈಕಿ?' ಅಂತ ಬರೆದಿದ್ಲು. ಯಾರೂ ಕಪ್ಪು ಮುಖ ಮಾಡಿರಲಿಲ್ಲ.

ನನ್ನ ಮಗಳು ಬಿಳೀ ಕಾಗದದ ಉದ್ದ ನಿಲುವಂಗಿ ಮಾಡಿ, ಮುಖ ಇರೋ ಜಾಗದಲ್ಲಿ ಬಿಸ್ಕತ್ ಪೊಟ್ಟಣದ ಒಳಗಿನ ಬೆಳ್ಳಿ ಕಾಗದ ಅಂಟಿಸಿದ್ಲು. 'ಇದಕ್ಕೆ ಮುಖಾನೇ ಇಲ್ವಲ್ಲೇ?' ಅಂದೆ. 'ನೋಡೋರ ಮುಖಾನೇ ಅದರ ಮುಖ' ಅಂದ್ಲು.

31ನೇ ತಾರೀಕು ಅದು ಕ್ಲಾಸಿನ ಗೋಡೆ ಮೇಲೆ ಇತ್ತು. ನಾನೂ ಹೋಗಿದ್ದೆ. ಟೀಚರ್ ಹತ್ತಿರ ಜೋರಾಗಿ ಮಾತಾಡಲಿಲ್ಲ. ನಡೆದಿದ್ದನ್ನ ನಡೆದ ಹಂಗೇ ಹೇಳ್ದೆ. 'ಮಕ್ಕಳು ತಮಾಷೆಗೆ ಅಂದಿರ್ತಾರೆ ಮೇಡಂ' ಅಂದ್ರು. 'ನೀವೂ ನಕ್ಕಿರಂತೆ' ಅಂದೆ. ತಲೆ ತಗ್ಗಿಸಿದ್ರು. ಅವರು ಬದಲಾದ್ರೋ ಇಲ್ವೋ ಗೊತ್ತಿಲ್ಲ. ಆ ಹುಡುಗ ಮಾತ್ರ ಬೆಳ್ಳಿ ಕಾಗದದ ಮುಂದೆ ಬಹಳ ಹೊತ್ತು ನಿಂತಿದ್ದ. ಮುಖ ಸೊಟ್ಟ ಮಾಡಿ ನಕ್ಕ, ಆಮೇಲೆ ನಗು ನಿಲ್ಲಿಸಿ ಸುಮ್ಮನೆ ನೋಡಿದ. ಅದಕ್ಕಿಂತ ಜಾಸ್ತಿ ಅರ್ಥ ನಾನು ಕಟ್ಟಲ್ಲ. ಅವನೂ ಮಗೂನೇ.

ಕತೆ ಅಲ್ಲಿಗೆ ಮುಗೀಲಿಲ್ಲ. ಆ ದೀಪದ ಗೂಡುಗಳನ್ನ ಎಸೆಯೋಕೆ ಮಕ್ಕಳು ಒಪ್ಪಲಿಲ್ಲ. ಹಂಗಾದ್ರೆ ಡಿಸೆಂಬರ್ 6ಕ್ಕೆ ಇಟ್ಕೊಳ್ಳಿ ಅಂದೆ. 1956ರ ಆ ದಿನ ಬಾಬಾಸಾಹೇಬರು ನಮ್ಮನ್ನಗಲಿದ್ದು. ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಸತೀಶ್ ಜಾರಕಿಹೊಳಿಯವರು ಮತ್ತು ಮಾನವ ಬಂಧುತ್ವ ವೇದಿಕೆಯೋರು ಪರಿನಿಬ್ಬಾಣದ ದಿನ ಮೌಢ್ಯದ ವಿರುದ್ಧ ಕಾರ್ಯಕ್ರಮ ಮಾಡೋದು ನಿಮಗೆಲ್ಲ ಗೊತ್ತು. ಪವಾಡಗಳನ್ನ ಪರೀಕ್ಷೆ ಮಾಡೋಕೆ 1976ರಲ್ಲಿ ಸಮಿತಿ ಮಾಡಿ ಹೊರಟ ಎಚ್. ನರಸಿಂಹಯ್ಯನವರು ನಮ್ಮ ಮಧುಗಿರಿ ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನೋರು. ನಮಗೆ ಇದೇನು ದೂರದ ಮಾತಲ್ಲ.

ಆದ್ರೂ ನಮ್ಮ ಕಾಲೋನೀಲೇ ತಕರಾರು ಬಂತು. ನಮ್ಮವ್ವನೇ ಅಂದ್ರು, 'ಹೆಣ್ಮಕ್ಳು ರಾತ್ರಿ ಹೊತ್ತು ಸ್ಮಶಾನಕ್ಕೆ ಹೋಗೋದಾ? ಸಾಯೋ ಮಾತಾಡ್ಬೇಡ.' ಅವ್ವನ ಜತೆ ವಾದ ಮಾಡಲಿಲ್ಲ. ಮೊಮ್ಮಗಳು ಅವಳ ಕೈಗೆ ಒಂದು ದೀಪದ ಗೂಡು ಕೊಟ್ಲು, ಅಷ್ಟೇ. ಅವ್ವ ಗೊಣಗ್ತಾನೇ ಹಿಂದೆ ಬಂದ್ರು.

ನಮ್ಮ ಸ್ಮಶಾನ ಇರೋದು ಕೆರೆ ಅಂಗಳದಲ್ಲಿ. ದಾರಿ ಇಲ್ಲ. ಜಮೀನಿನ ಬದು ಹಿಡಿದು ಹೋಗಬೇಕು. ಮಳೆಗಾಲದಲ್ಲಿ ಹೆಣ ಹೊತ್ತೋರು ಸೊಂಟದ ಮಟ ನೀರಲ್ಲಿ ಇಳೀತಾರೆ. ಇಪ್ಪತ್ತು ಚಿಲ್ಲರೆ ದೀಪ ಸಾಲಾಗಿ ಬದು ಮೇಲೆ ಹೋಗ್ತಿದ್ದಾಗ, ಹಿಂದೆ ತಿರುಗಿ ನೋಡ್ದೆ. ದಾರಿ ಎಲ್ಲಿ ಇರಬೇಕಿತ್ತೋ ಅಲ್ಲಿ ಬೆಳಕಿನ ಗೆರೆ ಎಳೆದ ಹಂಗಿತ್ತು. ಅವ್ವ ಅಪ್ಪನ ಗುಣಿ ಹತ್ತಿರ ಕೂತ್ರು. ಮದುವೆಯಾಗಿ ಆ ಊರಿಗೆ ಬಂದ ಮೇಲೆ ಮೊದಲನೇ ಸಲ ಅವರು ಆ ಜಾಗ ನೋಡಿದ್ದು. 'ಇಷ್ಟೇ ಜಾಗವೇನೇ?' ಅಂದ್ರು.

ಮಾರನೇ ದಿನ ಸ್ಮಶಾನಕ್ಕೆ ದಾರಿ ಬೇಕು ಅಂತ ಅರ್ಜಿ ಬರೆದ್ವಿ. ಮೊದಲ ಹೆಬ್ಬೆಟ್ಟು ಅವ್ವಂದು. ಅರ್ಜಿ ಇನ್ನೂ ಓಡಾಡ್ತಾ ಐತೆ. ನಾವೂ ಅದರ ಹಿಂದೆ ಓಡಾಡ್ತಾ ಇದೀವಿ.

ಈಗ ನನ್ನ ಕೋರಿಕೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಒಂದೇ ಶೈಕ್ಷಣಿಕ ಜಿಲ್ಲೆ. ನಮ್ಮ ಮಕ್ಕಳು ಬರೆಯೋ ಪರೀಕ್ಷೆ ಒಂದೇ, ಕೇಳೋ ಮಾತೂ ಒಂದೇ. ಈ ವರ್ಷ ಅಕ್ಟೋಬರಲ್ಲಿ ನಿಮ್ಮ ಮಗೂನೂ ಇಂಥ ಚೀಟಿ ತರಬಹುದು. ಬೈದು ಹರಿದು ಹಾಕಬೇಡಿ. 600 ರೂಪಾಯಿ ಖರ್ಚೂ ಮಾಡಬೇಡಿ. ಕಾಲೋನಿ ಮಕ್ಕಳನ್ನ ಒಂದು ಭಾನುವಾರ ಕೂರಿಸಿ. ಹಳೇ ಎಕ್ಸ್‌ರೇ ಹಾಳೆ, ಕಿತ್ತುಹೋದ ಹವಾಯಿ ಚಪ್ಪಲಿ, ಬ್ರಷ್, ಬಾಚಣಿಗೆ, ಒಂದು ಪೊಟ್ಟಣ ನೀಲಿ ಇದ್ರೆ ಸಾಕು. ಬ್ಲೇಡ್ ಕೆಲಸ ಮಾತ್ರ ದೊಡ್ಡೋರು ಪಕ್ಕದಲ್ಲಿ ಕೂತು ಮಾಡಿಸಿ. ಕರೆದ್ರೆ ನಾನೂ ಬರ್ತೀನಿ, ತಾತನ ರಂಪಿಗೆ ತಗೊಂಡು.

ಮಗಳ ಪ್ರಶ್ನೆಗೆ ನಾನು ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಅವಳು ಮತ್ತೆ ಕೇಳಿಯೂ ಇಲ್ಲ. ಬೆಳ್ಳಿ ಮುಖದ ಆ ದೆವ್ವ ಈಗ ನಮ್ಮ ಮನೆ ಬಾಗಿಲ ಹಿಂದೆ ನೇತಾಡ್ತಿದೆ. ಬೆಳಿಗ್ಗೆ ಸ್ಕೂಲಿಗೆ ಹೊರಡೋ ಮುಂಚೆ ಅದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋತಾಳೆ.

ಜೈಭೀಮ್.